ಗಾಳಿ ನಿಂತ ದಿನಗಳು

ಮಾಗಿಯ ಮುಂಜಾನೆ ಹಳ್ಳಿಯ ಪಕ್ಕದ ದಿಬ್ಬವನ್ನೇರಿ ನಿಂತವರಿಗೆ ಒಂದು ನೋಟ ಕಾಣಸಿಗುತ್ತದೆ. ಬಚ್ಚಲೊಲೆಗಳಿಂದ ಹೊರಟ ಹೊಗೆಯು ಹೆಂಚಿನ ಮಾಡುಗಳ ಮೇಲೆ ಸ್ವಲ್ಪ ದೂರ ಏರುತ್ತದೆ; ಅಲ್ಲಿಂದ ಮುಂದೆ ಹೋಗಲಾರದೆ ತೆಳುವಾದ ಹೊದಿಕೆಯಂತೆ ಊರ ಮೇಲೆ ಅಡ್ಡಲಾಗಿ ಹರಡಿ ನಿಲ್ಲುತ್ತದೆ. ಹೊತ್ತೇರಿ ಬಿಸಿಲು ಬಲಿತಂತೆ ಆ ಹೊದಿಕೆ ಹರಿದು ಚೂರಾಗಿ ಮಾಯವಾಗುತ್ತದೆ. ನಡುಹಗಲಿನಲ್ಲಿ ಅದೇ ಒಲೆಗಳಿಂದ ಬಂದ ಹೊಗೆಯು ತಡೆಯಿಲ್ಲದೆ ಮೇಲೇರಿ ಕಣ್ಮರೆಯಾಗುತ್ತದೆ. ಒಲೆ ಅದೇ, ಸೌದೆ ಅದೇ, ಹೊಗೆಯೂ ಅದೇ. ಬೆಳಗಿನಿಂದ ಮಧ್ಯಾಹ್ನದ ಹೊತ್ತಿಗೆ ಬದಲಾದುದು ಆ ಹೊಗೆಯನ್ನು ಬರಮಾಡಿಕೊಳ್ಳುವ ಗಾಳಿ ಮಾತ್ರ.

ಹಳ್ಳಿಯಲ್ಲಿ ನಾಲ್ಕಾರು ಒಲೆಗಳ ಮಾತಾದುದರಿಂದ ಈ ವ್ಯತ್ಯಾಸವು ನೋಡಲು ಸೊಗಸಾದ ನೋಟವಾಗಿ ಮುಗಿಯುತ್ತದೆ. ಆದರೆ ಲಕ್ಷಾಂತರ ವಾಹನಗಳು, ಸಾವಿರಾರು ಕಾರ್ಖಾನೆಗಳು, ಉಷ್ಣ ವಿದ್ಯುತ್ ಸ್ಥಾವರಗಳು, ಎಡೆಬಿಡದೆ ಸಾಗುವ ಕಟ್ಟಡ ಕಾಮಗಾರಿಗಳು ಇವೆಲ್ಲವೂ ಕೂಡಿದ ಮಹಾನಗರದಲ್ಲಿ ಅದೇ ವ್ಯತ್ಯಾಸವು ಸಾವು ಬದುಕಿನ ಪ್ರಶ್ನೆಯಾಗುತ್ತದೆ. ನಗರವು ಸೋಮವಾರ ಹೊರಹಾಕಿದಷ್ಟೇ ಹೊಗೆಯನ್ನು ಮಂಗಳವಾರವೂ ಹೊರಹಾಕಬಹುದು. ಆದರೂ ಒಂದು ದಿನ ಆಕಾಶ ತಿಳಿಯಾಗಿದ್ದು, ಇನ್ನೊಂದು ದಿನ ಉಸಿರಾಡುವುದೇ ಕಷ್ಟವಾಗುತ್ತದೆ. ಹವೆಯು ಹೊಗೆಯನ್ನು ಹುಟ್ಟಿಸುವುದಿಲ್ಲ. ಹುಟ್ಟಿದ ಹೊಗೆ ಎಲ್ಲಿರಬೇಕೆಂಬುದನ್ನು ನಿರ್ಧರಿಸುತ್ತದೆ. ಈ ಮಾತಿನ ಅರ್ಥವನ್ನು ಅರಿಯದೆ ಹಲವು ನಗರಗಳು ಭಾರಿ ಬೆಲೆ ತೆತ್ತಿವೆ.

ಹೊಗೆಯ ಗತಿಯನ್ನು ನಿರ್ಣಯಿಸುವ ಹವೆಯ ಅಂಶಗಳಲ್ಲಿ ಗಾಳಿಯ ಬೀಸು ಮೊದಲನೆಯದು. ಒಂದು ಹೊಗೆಗೊಳವೆಯಿಂದ ಪ್ರತಿ ಸೆಕೆಂಡಿಗೂ ಒಂದೇ ಪ್ರಮಾಣದ ಹೊಗೆ ಬರುತ್ತಿದೆಯೆಂದು ಭಾವಿಸೋಣ. ಗಾಳಿಯು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಚಲಿಸುತ್ತಿದ್ದರೆ ಆ ಹೊಗೆಯೆಲ್ಲವೂ ಒಂದು ಮೀಟರ್ ಉದ್ದದ ಗಾಳಿಯಲ್ಲಿ ಸೇರುತ್ತದೆ. ವೇಗವು 5 ಮೀಟರ್ ಆದರೆ ಅಷ್ಟೇ ಹೊಗೆಯು ಐದು ಮೀಟರ್ ಉದ್ದಕ್ಕೆ ಹಂಚಿಹೋಗುತ್ತದೆ. ಅದರ ಸಾಂದ್ರತೆಯು ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗಾಳಿಯು ಹೊಗೆಯನ್ನು ತೆಳುಗೊಳಿಸುವ ಬಗೆ ಇದು. ಆದರೆ ಗಾಳಿ ಹೊತ್ತೊಯ್ದ ಹೊಗೆ ನಾಶವಾಗುವುದಿಲ್ಲ. ಒಂದು ಊರಿನ ಮಾಲಿನ್ಯ ಮತ್ತೊಂದು ಊರಿನ ಪಾಲಾಗುತ್ತದೆ. ಇಂಗ್ಲೆಂಡ್ ಮತ್ತು ಪಶ್ಚಿಮ ಯುರೋಪಿನ ಕಾರ್ಖಾನೆಗಳ ಗಂಧಕದ ಹೊಗೆಯು ನೂರಾರು ಕಿಲೋಮೀಟರ್ ದೂರ ಸಾಗಿ, ನಾರ್ವೆ ಮತ್ತು ಸ್ವೀಡನ್ ದೇಶಗಳಲ್ಲಿ ಆಮ್ಲಮಳೆಯಾಗಿ ಸುರಿದು, ಅಲ್ಲಿನ ಸರೋವರಗಳ ಮೀನುಗಳನ್ನು ಕೊಂದಿತು. ಬಿರುಗಾಳಿಯು ಕೆಲವೊಮ್ಮೆ ತಾನೇ ಮಾಲಿನ್ಯವನ್ನು ಹೊತ್ತು ತರುವುದೂ ಉಂಟು. ಬೇಸಗೆಯಲ್ಲಿ ರಾಜಸ್ಥಾನದ ಮರುಭೂಮಿಯ ಧೂಳು ದೆಹಲಿಯ ಆಕಾಶವನ್ನು ಮಸುಕುಗೊಳಿಸುವುದು ಹೀಗೆಯೇ.

ಎರಡನೆಯದು ಉಷ್ಣತೆ. ಸಾಮಾನ್ಯವಾಗಿ ನೆಲದಿಂದ ಮೇಲಕ್ಕೆ ಹೋದಂತೆ ಗಾಳಿಯು ತಂಪಾಗುತ್ತದೆ. ಒಂದು ಕಿಲೋಮೀಟರ್ ಎತ್ತರಕ್ಕೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಇಳಿಯುತ್ತದೆ. ಬಿಸಿಲಿಗೆ ಕಾದ ನೆಲವು ತನಗೆ ತಗಲಿದ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಗುರವಾದುದರಿಂದ ಮೇಲೇರುತ್ತದೆ, ಹೊಗೆಯನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಮೇಲಿನ ತಂಪು ಗಾಳಿ ಕೆಳಗಿಳಿಯುತ್ತದೆ. ಒಲೆಯ ಮೇಲಿಟ್ಟ ಪಾತ್ರೆಯ ನೀರು ಅಡಿಯಿಂದ ಮೇಲಕ್ಕೂ ಮೇಲಿನಿಂದ ಅಡಿಗೂ ತಿರುಗುವಂತೆ ಹಗಲಿನ ಗಾಳಿಯು ತನ್ನನ್ನು ತಾನೇ ಕಲಕಿಕೊಳ್ಳುತ್ತದೆ. ಹೀಗೆ ಗಾಳಿಯು ಕಲಕುವ ಎತ್ತರವು ಬೇಸಗೆಯ ಮಧ್ಯಾಹ್ನಗಳಲ್ಲಿ ಒಂದೆರಡು ಕಿಲೋಮೀಟರನ್ನೂ ಮೀರಬಹುದು.

ಮೋಡವಿಲ್ಲದ, ಗಾಳಿಯಿಲ್ಲದ ಚಳಿಗಾಲದ ರಾತ್ರಿಗಳಲ್ಲಿ ಈ ಕ್ರಮವು ತಲೆಕೆಳಗಾಗುತ್ತದೆ. ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬೇಗನೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಅದಕ್ಕೆ ಅಂಟಿದ ಗಾಳಿಯೂ ತಣ್ಣಗಾಗುತ್ತದೆ. ಆದರೆ ಅದರ ಮೇಲಿನ ಪದರವು ಇನ್ನೂ ಬೆಚ್ಚಗಿರುತ್ತದೆ. ಕೆಳಗೆ ತಂಪು, ಮೇಲೆ ಬಿಸಿ ಎಂಬ ಈ ಸ್ಥಿತಿಗೆ ಉಷ್ಣತಾ ವಿಲೋಮ ಎಂದು ಹೆಸರು. ತಂಪು ಗಾಳಿಯು ಭಾರವಾದುದು. ಅದು ಬೆಚ್ಚನೆಯ ಪದರವನ್ನು ಭೇದಿಸಿ ಮೇಲೇರಲಾರದು. ಪಾತ್ರೆಗೆ ಮುಚ್ಚಳವಿಟ್ಟಂತೆ ಆ ಬಿಸಿ ಪದರವು ನಗರದ ಹೊಗೆಯನ್ನು ನೆಲದ ಸಮೀಪದಲ್ಲಿಯೇ ಹಿಡಿದಿಡುತ್ತದೆ. ಇದರ ಪರಿಣಾಮವನ್ನು ಸುಲಭವಾದ ಲೆಕ್ಕದಿಂದ ತಿಳಿಯಬಹುದು. ಒಂದು ಸಾವಿರ ಮೀಟರ್ ಎತ್ತರದವರೆಗೆ ಹರಡಬೇಕಾದ ಹೊಗೆಯು ನೂರು ಮೀಟರ್ ಎತ್ತರದೊಳಗೆ ಸಿಕ್ಕಿಕೊಂಡರೆ ಅದರ ಸಾಂದ್ರತೆಯು ಹತ್ತು ಪಟ್ಟಾಗುತ್ತದೆ. ಒಂದು ಹಿಡಿ ಉಪ್ಪನ್ನು ಹಂಡೆಯ ನೀರಿಗೆ ಹಾಕುವುದಕ್ಕೂ ತಂಬಿಗೆಯ ನೀರಿಗೆ ಹಾಕುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ನಗರವು ಬೆಟ್ಟಗಳ ನಡುವಿನ ತಗ್ಗಿನಲ್ಲಿದ್ದರೆ ಮುಚ್ಚಳದ ಜೊತೆಗೆ ಸುತ್ತಲೂ ಗೋಡೆಯನ್ನು ಕಟ್ಟಿದಂತಾಗುತ್ತದೆ.

ಮೂರನೆಯದು ತೇವ. ಮಳೆಯು ಗಾಳಿಯನ್ನು ತೊಳೆಯುತ್ತದೆ. ಬೀಳುವ ಹನಿಗಳು ಧೂಳಿನ ಕಣಗಳನ್ನೂ ಕರಗುವ ಅನಿಲಗಳನ್ನೂ ನೆಲಕ್ಕೆ ಇಳಿಸುತ್ತವೆ. ಮಳೆಗಾಲದಲ್ಲಿ ಭಾರತದ ಬಹುತೇಕ ನಗರಗಳ ಗಾಳಿ ತಿಳಿಯಾಗಿರುವುದಕ್ಕೆ ಮಳೆ ಮತ್ತು ಅದರೊಡನೆ ಬೀಸುವ ಮಾರುತಗಳೇ ಕಾರಣ. ಆದರೆ ಅದೇ ನೀರು ಮಂಜಿನ ರೂಪದಲ್ಲಿದ್ದಾಗ ಅದರ ಗುಣ ಬೇರೆಯಾಗುತ್ತದೆ. ಹೊಗೆಯ ಕಣಗಳನ್ನು ಆಧಾರವಾಗಿಟ್ಟುಕೊಂಡು ಮಂಜಿನ ಹನಿಗಳು ಹುಟ್ಟುತ್ತವೆ. ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕದ ಡೈ ಆಕ್ಸೈಡ್ ಆ ಹನಿಗಳಲ್ಲಿ ಕರಗಿ ಗಂಧಕಾಮ್ಲವಾಗಿ ಮಾರ್ಪಡುತ್ತದೆ. ಮಳೆಯಂತೆ ನೆಲಕ್ಕೆ ಬೀಳದೆ ತೇಲುತ್ತಲೇ ಇರುವ ಆ ಹನಿಗಳು ಉಸಿರಿನೊಡನೆ ಶ್ವಾಸಕೋಶವನ್ನು ಸೇರುತ್ತವೆ.

ನಾಲ್ಕನೆಯದು ಬಿಸಿಲು. ಬಿಸಿಲು ಗಾಳಿಯನ್ನು ಕಲಕಿ ಹೊಗೆಯನ್ನು ಚದುರಿಸುತ್ತದೆಯೆಂಬುದು ನಿಜ. ಆದರೆ ಅಮೆರಿಕದ ಲಾಸ್ ಏಂಜಲೀಸ್ ನಗರವು ಬಿಸಿಲಿನ ಇನ್ನೊಂದು ಮುಖವನ್ನು ಕಂಡಿತು. ಒಂದು ಕಡೆ ಸಮುದ್ರ, ಉಳಿದ ಕಡೆಗಳಲ್ಲಿ ಪರ್ವತಗಳು, ಮೇಲೆ ಬೆಚ್ಚನೆಯ ಗಾಳಿಯ ಮುಚ್ಚಳ. ಇವುಗಳ ನಡುವೆ ಸಿಕ್ಕಿಕೊಂಡ ಆ ನಗರದ ಜನರ ಕಣ್ಣುಗಳು 1940ರ ದಶಕದಲ್ಲಿ ಕಾರಣ ತಿಳಿಯದೆ ಉರಿಯತೊಡಗಿದವು. 1950ರ ದಶಕದ ಆರಂಭದಲ್ಲಿ ಏರಿ ಹಾಗನ್ ಸ್ಮಿತ್ ಎಂಬ ರಸಾಯನ ವಿಜ್ಞಾನಿಯು ಇದರ ಗುಟ್ಟನ್ನು ಬಿಡಿಸಿದರು. ವಾಹನಗಳೂ ತೈಲ ಉದ್ಯಮಗಳೂ ಹೊರಬಿಡುವ ಹೈಡ್ರೋಕಾರ್ಬನ್‌ಗಳು ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿನ ಪ್ರಭಾವದಿಂದ ಓಜೋನ್ ಎಂಬ ಅನಿಲವನ್ನು ಹುಟ್ಟಿಸುತ್ತವೆಯೆಂದು ಅವರು ತೋರಿಸಿದರು. ಮೇಲಿನ ವಾಯುಮಂಡಲದಲ್ಲಿದ್ದು ಜೀವಿಗಳನ್ನು ಕಾಯುವ ಓಜೋನ್, ನೆಲದ ಬಳಿ ಕಣ್ಣನ್ನೂ ಶ್ವಾಸಕೋಶವನ್ನೂ ಬಾಧಿಸುತ್ತದೆ.

ಈ ಅಂಶಗಳಲ್ಲಿ ಹಲವು ಒಂದೇ ವೇಳೆಗೆ ಪ್ರತಿಕೂಲವಾದರೆ ಏನಾಗುತ್ತದೆಂಬುದಕ್ಕೆ ಲಂಡನ್ ನಗರವು 1952ರ ಡಿಸೆಂಬರಿನಲ್ಲಿ ಕಂಡ ಐದು ದಿನಗಳು ಸಾಕ್ಷಿಯಾಗಿವೆ.

ಲಂಡನ್ ನಗರಕ್ಕೆ ಹೊಗೆ ಹೊಸದಾಗಿರಲಿಲ್ಲ. ಜಾನ್ ಈವ್ಲಿನ್ ಎಂಬ ಲೇಖಕನು 1661ರಷ್ಟು ಹಿಂದೆಯೇ ಕಲ್ಲಿದ್ದಲಿನ ಹೊಗೆಯಿಂದ ನಗರಕ್ಕಾಗುವ ಕೇಡನ್ನು ಕುರಿತು ಪುಸ್ತಕ ಬರೆದು ದೊರೆಗೆ ಅರ್ಪಿಸಿದ್ದನು. ಹೊಗೆಯೂ ಮಂಜೂ ಬೆರೆತ ಲಂಡನ್ನಿನ ಗಾಳಿಗೆ 1905ರಲ್ಲಿ ಒಬ್ಬ ವೈದ್ಯರು ಎರಡು ಇಂಗ್ಲಿಷ್ ಪದಗಳನ್ನು ಕೂಡಿಸಿ 'ಸ್ಮಾಗ್' ಎಂಬ ಹೆಸರನ್ನು ಬಳಸಿದರು. ಕನ್ನಡದಲ್ಲಿ ಇದನ್ನೇ ಹೊಗೆಮಂಜು ಅಥವಾ ಹೊಂಜು ಎನ್ನುತ್ತಾರೆ. ತಲೆತಲಾಂತರಗಳಿಂದ ಈ ಹೊಂಜಿಗೆ ಒಗ್ಗಿಹೋದ ಜನರು ಅದನ್ನು ಚಳಿಗಾಲದ ಸಹಜ ಸಂಗತಿಯೆಂದೇ ತಿಳಿದಿದ್ದರು.

1952ರ ಡಿಸೆಂಬರ್ ತಿಂಗಳ ಮೊದಲ ದಿನಗಳಲ್ಲಿ ಚಳಿ ಕಡುವಾಗಿತ್ತು. ಸುಮಾರು 80 ಲಕ್ಷ ಜನರಿದ್ದ ಆ ನಗರದ ಮನೆಮನೆಗಳಲ್ಲಿಯೂ ಜನರು ಅಗ್ಗಿಷ್ಟಿಕೆಗಳಿಗೆ ಕಲ್ಲಿದ್ದಲನ್ನು ಎಂದಿಗಿಂತ ಹೆಚ್ಚಾಗಿ ಸುರಿದರು. ಯುದ್ಧಾನಂತರದ ಆರ್ಥಿಕ ಮುಗ್ಗಟ್ಟಿನಿಂದಾಗಿ ಉತ್ತಮವಾದ ಕಲ್ಲಿದ್ದಲನ್ನು ಹೊರದೇಶಗಳಿಗೆ ಮಾರಲಾಗುತ್ತಿದ್ದು, ಮನೆಗಳ ಪಾಲಿಗೆ ಹೆಚ್ಚು ಹೊಗೆಯುಗುಳುವ ಕೀಳು ಕಲ್ಲಿದ್ದಲೇ ಉಳಿದಿತ್ತು. ನಗರದೊಳಗೇ ಇದ್ದ ವಿದ್ಯುತ್ ಸ್ಥಾವರಗಳೂ ಕಲ್ಲಿದ್ದಲನ್ನು ಉರಿಸುತ್ತಿದ್ದವು. ವಿದ್ಯುತ್ತಿನಿಂದ ಓಡುತ್ತಿದ್ದ ಟ್ರಾಮುಗಳನ್ನು ಅದೇ ವರ್ಷದ ಜುಲೈ ತಿಂಗಳಲ್ಲಿ ನಿಲ್ಲಿಸಿ, ಅವುಗಳ ಬದಲಿಗೆ ಡೀಸೆಲ್ ಬಸ್ಸುಗಳನ್ನು ಓಡಿಸಲಾಗುತ್ತಿತ್ತು. ಹೊಗೆಗೆ ಬೇಕಾದ ಸಿದ್ಧತೆಯನ್ನೆಲ್ಲ ಮನುಷ್ಯನೇ ಮಾಡಿ ಮುಗಿಸಿದ್ದನು. ಮಿಕ್ಕುದನ್ನು ಹವೆಯು ನೆರವೇರಿಸಿತು.

ಡಿಸೆಂಬರ್ 5, ಶುಕ್ರವಾರದಂದು ಅಧಿಕ ಒತ್ತಡದ ವಾಯುರಾಶಿಯೊಂದು ಥೇಮ್ಸ್ ನದಿಯ ಕಣಿವೆಯ ಮೇಲೆ ಬಂದು ನೆಲೆಸಿತು. ಗಾಳಿಯ ಬೀಸು ನಿಂತುಹೋಯಿತು. ನೆಲದ ಬಳಿ ತಣ್ಣನೆಯ ತೇವದ ಗಾಳಿ, ಅದರ ಮೇಲೆ ಬೆಚ್ಚನೆಯ ಪದರ. ನಗರದ ಮೇಲೆ ಮುಚ್ಚಳ ಬಿದ್ದಿತು. ಮಂಜಿನ ಪದರದ ದಪ್ಪ ಸುಮಾರು 100ರಿಂದ 200 ಮೀಟರ್ ಮಾತ್ರ. ಆ ತೆಳುವಾದ ಪದರದೊಳಗೆ ದಿನವೊಂದಕ್ಕೆ ಸುಮಾರು 1,000 ಟನ್ ಹೊಗೆಯ ಕಣಗಳೂ, 370 ಟನ್ ಗಂಧಕದ ಡೈ ಆಕ್ಸೈಡೂ, 140 ಟನ್ ಹೈಡ್ರೋಕ್ಲೋರಿಕ್ ಆಮ್ಲವೂ ಸೇರುತ್ತ ಹೋದವು. ಸಾಮಾನ್ಯ ದಿನಗಳಲ್ಲಿ ಬೆಳಗಿನ ಬಿಸಿಲು ಮಂಜನ್ನು ಕರಗಿಸಿ, ನೆಲವನ್ನು ಕಾಯಿಸಿ, ಮುಚ್ಚಳವನ್ನು ತೆರೆಯುತ್ತದೆ. ಆದರೆ ಹೊಗೆ ಬೆರೆತ ಆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಚಳಿಗಾಲದ ಎಳೆಬಿಸಿಲು ಅದನ್ನು ಭೇದಿಸಿ ನೆಲವನ್ನು ಮುಟ್ಟಲಿಲ್ಲ. ನೆಲ ಕಾಯದುದರಿಂದ ಮುಚ್ಚಳ ತೆರೆಯಲಿಲ್ಲ. ಮುಚ್ಚಳ ತೆರೆಯದುದರಿಂದ ಹೊಗೆ ಮತ್ತಷ್ಟು ದಟ್ಟವಾಯಿತು. ಚಳಿ ಬಿಡದುದರಿಂದ ಜನರು ಮತ್ತಷ್ಟು ಕಲ್ಲಿದ್ದಲನ್ನು ಉರಿಸಿದರು.

ಶನಿವಾರ, ಭಾನುವಾರ, ಸೋಮವಾರಗಳು ಹೀಗೆಯೇ ಕಳೆದವು. ಕೆಲವೆಡೆ ಚಾಚಿದ ಕೈಯ ಬೆರಳುಗಳು ಕಾಣದಷ್ಟು ಹೊಂಜು ಕವಿದಿತ್ತು. ನೆಲದಡಿಯ ರೈಲುಗಳನ್ನುಳಿದು ಸಂಚಾರವೆಲ್ಲ ಬಹುಮಟ್ಟಿಗೆ ಸ್ಥಗಿತವಾಯಿತು. ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುವ ವಾಹನಗಳು ಓಡಲಾರದೆ ನಿಂತವು. ಹೊಂಜು ಬಾಗಿಲು ಕಿಟಕಿಗಳ ಸಂದಿನಿಂದ ಮನೆಯೊಳಗೂ ನುಗ್ಗಿತು. ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ ಪ್ರೇಕ್ಷಕರಿಗೆ ರಂಗವೇ ಕಾಣದಂತಾಗಿ, ನಡೆಯುತ್ತಿದ್ದ ಗೀತನಾಟಕವನ್ನು ಮೊದಲ ಅಂಕಕ್ಕೇ ನಿಲ್ಲಿಸಬೇಕಾಯಿತು. ಪ್ರದರ್ಶನಕ್ಕೆಂದು ನಗರಕ್ಕೆ ತಂದಿದ್ದ ದನಗಳಲ್ಲಿ ಕೆಲವು ಉಸಿರಾಡಲಾರದೆ ಪ್ರಾಣ ನೀಗಿದವು. ಡಿಸೆಂಬರ್ 9, ಮಂಗಳವಾರದಂದು ಗಾಳಿಯು ಮತ್ತೆ ಬೀಸಿತು. ಹೊಂಜು ಚದುರಿಹೋಯಿತು. ಜನರು ಎಂದಿನಂತೆ ತಮ್ಮ ಕೆಲಸಗಳಿಗೆ ತೆರಳಿದರು.

ನಡೆದ ಅನಾಹುತವು ಆ ಹೊತ್ತಿಗೆ ಹೆಚ್ಚು ಜನರಿಗೆ ತಿಳಿದಿರಲಿಲ್ಲ. ಭೂಕಂಪದಂತೆ ಕಟ್ಟಡಗಳು ಕುಸಿದಿರಲಿಲ್ಲ, ನೆರೆಯಂತೆ ಬೀದಿಗಳು ಮುಳುಗಿರಲಿಲ್ಲ. ಹಸುಳೆಗಳು, ವೃದ್ಧರು, ಶ್ವಾಸಕೋಶದ ಮತ್ತು ಹೃದಯದ ರೋಗಿಗಳು ತಮ್ಮ ತಮ್ಮ ಮನೆಗಳಲ್ಲಿ, ಆಸ್ಪತ್ರೆಯ ಹಾಸಿಗೆಗಳಲ್ಲಿ ಸದ್ದಿಲ್ಲದೆ ಕಣ್ಣು ಮುಚ್ಚಿದ್ದರು. ಶವಪೆಟ್ಟಿಗೆಗಳಿಗೂ ಹೂಗಳಿಗೂ ಕೊರತೆಯುಂಟಾದಾಗ, ಮರಣಗಳ ದಾಖಲೆಗಳನ್ನು ಎಣಿಸಿದಾಗ ಸತ್ಯ ಹೊರಬಿದ್ದಿತು. ಶ್ವಾಸನಾಳದ ಉರಿಯೂತ ಮತ್ತು ನ್ಯುಮೋನಿಯಾಗಳಿಂದ ಸತ್ತವರ ಸಂಖ್ಯೆ ಏಳು ಪಟ್ಟಿಗೂ ಹೆಚ್ಚಾಗಿತ್ತು. ಆ ಕಾಲದಲ್ಲಿ ಸಾಮಾನ್ಯವಾಗಿ ಸಂಭವಿಸುತ್ತಿದ್ದ ಮರಣಗಳಿಗಿಂತ ಸುಮಾರು 4,000 ಮಂದಿ ಹೆಚ್ಚಾಗಿ ಸತ್ತಿದ್ದರೆಂದು ಅಂದಿನ ಅಧಿಕೃತ ಎಣಿಕೆ ತಿಳಿಸಿತು. ಅನಂತರದ ವಾರಗಳಲ್ಲಿಯೂ ಸಾವುಗಳು ಮುಂದುವರಿದವು. ಅವುಗಳಿಗೆ ಇನ್‌ಫ್ಲುಯೆಂಜಾ ಜ್ವರವೇ ಕಾರಣವೆಂದು ಸರಕಾರ ಹೇಳಿತು. ಆದರೆ 2001ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹಳೆಯ ದಾಖಲೆಗಳನ್ನು ಮರಳಿ ಪರಿಶೀಲಿಸಿ, 1953ರ ಫೆಬ್ರವರಿಯವರೆಗಿನ ಹೆಚ್ಚುವರಿ ಸಾವುಗಳು ಸುಮಾರು 12,000 ಎಂದೂ, ಜ್ವರವೊಂದರಿಂದಲೇ ಅವನ್ನು ವಿವರಿಸಲಾಗದೆಂದೂ ಅಂದಾಜು ಮಾಡಿತು.

ಈ ಸಾವುಗಳಿಗೆ ಹೊಣೆ ಯಾರು? ಹೊಂಜು ನಿಸರ್ಗದ ಕಾರ್ಯವೆಂದೂ, ಗಾಳಿ ನಿಂತರೆ ಮನುಷ್ಯನು ಮಾಡುವುದಾದರೂ ಏನೆಂದೂ ಹೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಲಂಡನ್ನಿನ ದುರಂತಕ್ಕೆ ಮೊದಲೇ ಇಂತಹ ಎಚ್ಚರಿಕೆಗಳು ದೊರೆತಿದ್ದವು. 1930ರ ಡಿಸೆಂಬರಿನಲ್ಲಿ ಬೆಲ್ಜಿಯಂ ದೇಶದ ಮ್ಯೂಸ್ ನದಿಯ ಕಣಿವೆಯಲ್ಲಿ ಕಾರ್ಖಾನೆಗಳ ಹೊಗೆ ಹೀಗೆಯೇ ಸಿಕ್ಕಿಕೊಂಡು ಸುಮಾರು 60 ಜನರು ಸತ್ತರು. 1948ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡೊನೋರಾ ಎಂಬ ಪಟ್ಟಣದಲ್ಲಿ ಸತುವಿನ ಮತ್ತು ಉಕ್ಕಿನ ಕಾರ್ಖಾನೆಗಳ ಹೊಗೆಯು ವಿಲೋಮ ಪದರದಡಿ ನಿಂತು 20 ಜನರನ್ನು ಬಲಿ ತೆಗೆದುಕೊಂಡಿತು; ಸಾವಿರಾರು ಜನರು ಅಸ್ವಸ್ಥರಾದರು. ಮಳೆ ಬಂದು ಹೊಗೆ ತೊಳೆದುಹೋಯಿತು. ಕಾರ್ಖಾನೆಯ ಒಡೆಯರು ಅದನ್ನು ದೈವಾಧೀನವಾದ ಘಟನೆಯೆಂದು ಕರೆದರು. ಆದರೆ ಕಾರ್ಖಾನೆಗಳಿಲ್ಲದ ಕಣಿವೆಗಳ ಮೇಲೆಯೂ ಅಂತಹ ಮಂಜು ಎಷ್ಟೋ ಬಾರಿ ಕವಿದಿದೆ. ಅಲ್ಲಿ ಯಾರೂ ಅದರಿಂದ ಉಸಿರುಕಟ್ಟಿ ಸತ್ತಿಲ್ಲ. ಮುಚ್ಚಳವನ್ನು ಇಟ್ಟುದು ಹವೆ. ಪಾತ್ರೆಗೆ ವಿಷವನ್ನು ತುಂಬಿದುದು ಮನುಷ್ಯ.

ಈ ವಿವೇಕವು ಬ್ರಿಟನ್ನಿನಲ್ಲಿ ನಿಧಾನವಾಗಿ ಮೂಡಿತು. ಸರಕಾರವು ಮೊದಲು ಹಿಂದೆಮುಂದೆ ನೋಡಿದರೂ, ಜನಾಭಿಪ್ರಾಯದ ಒತ್ತಡಕ್ಕೆ ಮಣಿದು 1953ರಲ್ಲಿ ಸರ್ ಹ್ಯೂ ಬೀವರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಸಮಿತಿಯ ವರದಿಯನ್ನನುಸರಿಸಿ 1956ರಲ್ಲಿ ಶುದ್ಧ ವಾಯು ಕಾಯಿದೆ ಜಾರಿಗೆ ಬಂದಿತು. ನಗರದ ಹಲವು ಭಾಗಗಳನ್ನು ಹೊಗೆ ನಿಯಂತ್ರಣದ ವಲಯಗಳೆಂದು ಘೋಷಿಸಲು, ಮನೆಗಳಲ್ಲಿ ಹೊಗೆಯಿಲ್ಲದ ಇಂಧನವನ್ನು ಬಳಸುವಂತೆ ಮಾಡಲು, ಒಲೆಗಳ ಬದಲಾವಣೆಗೆ ಧನಸಹಾಯ ನೀಡಲು ಅದರಿಂದ ಅವಕಾಶವಾಯಿತು. ಆ ಕಾಯಿದೆಗೆ ಹವೆಯೇ ಒಂದು ಪರೀಕ್ಷೆಯನ್ನೊಡ್ಡಿತು. ಸರಿಯಾಗಿ ಹತ್ತು ವರ್ಷಗಳ ತರುವಾಯ, 1962ರ ಡಿಸೆಂಬರಿನಲ್ಲಿ, ಲಂಡನ್ನಿನ ಮೇಲೆ ಮತ್ತೆ ಅದೇ ರೀತಿಯ ಮುಚ್ಚಳ ಬಿದ್ದಿತು. ಮತ್ತೆ ಕೆಲವು ದಿನ ಗಾಳಿ ನಿಂತಿತು. ಗಂಧಕದ ಅನಿಲವು ಇನ್ನೂ ಹೆಚ್ಚಾಗಿಯೇ ಇದ್ದುದರಿಂದ ಆಗಲೂ ಜನರು ಸತ್ತರು. ಆದರೆ ಹೊಗೆಯ ಕಣಗಳು ಮೊದಲಿಗಿಂತ ಕಡಿಮೆಯಾಗಿದ್ದವು. ಸತ್ತವರ ಸಂಖ್ಯೆಯೂ 1952ಕ್ಕಿಂತ ಬಹಳ ಕಡಿಮೆಯಾಗಿತ್ತು. ಹವೆಯನ್ನು ಬದಲಿಸದೆಯೇ ಸಾವನ್ನು ತಗ್ಗಿಸಬಹುದೆಂಬುದು ಇದರಿಂದ ಸ್ಪಷ್ಟವಾಯಿತು.

ಲಂಡನ್ನಿನ ಕಥೆಯು ಬೇರೆ ರೂಪದಲ್ಲಿ ಭಾರತದಲ್ಲಿಯೂ ನಡೆದಿದೆ. ದೆಹಲಿಯು ಸಮುದ್ರದಿಂದ ದೂರವಿರುವ ನಗರ. ಅದರ ಉತ್ತರಕ್ಕೆ ಹಿಮಾಲಯದ ಗೋಡೆಯಿದೆ. ಮುಂಗಾರು ಹಿಂದೆ ಸರಿದ ಮೇಲೆ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಅಲ್ಲಿನ ಗಾಳಿ ಮಂದವಾಗುತ್ತದೆ, ರಾತ್ರಿಗಳು ತಣ್ಣಗಾಗುತ್ತವೆ, ಗಾಳಿ ಕಲಕುವ ಎತ್ತರವು ಕುಗ್ಗುತ್ತದೆ. ಪಂಜಾಬ್ ಮತ್ತು ಹರಿಯಾಣದ ರೈತರು ಭತ್ತದ ಕೊಯ್ಲು ಮುಗಿಸಿ, ಗೋಧಿಯ ಬಿತ್ತನೆಗೆ ಉಳಿದ ಸ್ವಲ್ಪ ಕಾಲದಲ್ಲಿ ಗದ್ದೆಯನ್ನು ಸಿದ್ಧಪಡಿಸಲು ಕೂಳೆಯನ್ನು ಸುಡುವುದೂ ಇದೇ ಸಮಯದಲ್ಲಿ. ವಾಯುವ್ಯದಿಂದ ಬೀಸುವ ಗಾಳಿ ಆ ಹೊಗೆಯನ್ನು ದೆಹಲಿಗೆ ತರುತ್ತದೆ. ನಗರದ ವಾಹನ, ಕಾರ್ಖಾನೆ, ಧೂಳು, ಪಟಾಕಿಗಳ ಹೊಗೆಯೊಡನೆ ಅದು ಬೆರೆಯುತ್ತದೆ. 2016ರ ನವೆಂಬರ್ ಮೊದಲ ವಾರದಲ್ಲಿ ಕವಿದ ಹೊಂಜು ಎಷ್ಟು ತೀವ್ರವಾಗಿತ್ತೆಂದರೆ ಶಾಲೆಗಳಿಗೆ ಮೂರು ದಿನಗಳ ರಜೆಯನ್ನು ಘೋಷಿಸಬೇಕಾಯಿತು.

ಇಂದಿನ ನಗರಗಳ ಹೊಗೆಯಲ್ಲಿ ಅತ್ಯಂತ ಅಪಾಯಕಾರಿಯಾದುದು 2.5 ಮೈಕ್ರೋಮೀಟರಿಗಿಂತ ಕಿರಿದಾದ ಕಣಗಳು. ತಲೆಗೂದಲಿನ ದಪ್ಪದ ಇಪ್ಪತ್ತೈದನೆಯ ಒಂದು ಭಾಗಕ್ಕೂ ಕಡಿಮೆಯಾದ ಈ ಕಣಗಳು ಮೂಗಿನಲ್ಲಿ ತಡೆಯಲ್ಪಡದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. 2009ರಲ್ಲಿ ಭಾರತ ಸರಕಾರವು ನಿಗದಿಪಡಿಸಿದ ಮಾನದಂಡದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಇವುಗಳ ಪ್ರಮಾಣವು ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದ ಮಿತಿ 15 ಮೈಕ್ರೋಗ್ರಾಂ ಮಾತ್ರ. ಗಾಳಿ ನಿಂತ ಚಳಿಗಾಲದ ದಿನಗಳಲ್ಲಿ ಉತ್ತರ ಭಾರತದ ಹಲವು ನಗರಗಳು ಈ ಎರಡು ಮಿತಿಗಳನ್ನೂ ಬಹಳ ದೂರ ದಾಟುತ್ತವೆ.

ಕರ್ನಾಟಕದ ರಾಜಧಾನಿಯಾದ ಬೆಂಗಳೂರಿಗೆ ನಿಸರ್ಗವು ಹೆಚ್ಚು ಉದಾರವಾಗಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ತೆರೆದ ಪ್ರಸ್ಥಭೂಮಿಯಲ್ಲಿರುವ ಈ ನಗರವನ್ನು ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಪಶ್ಚಿಮದ ಮಾರುತಗಳು ಗುಡಿಸಿಹಾಕುತ್ತವೆ. ಕರಾವಳಿಯ ಮಂಗಳೂರಿನಲ್ಲಿ ಹಗಲು ಕಡಲಿನಿಂದಲೂ ರಾತ್ರಿ ನೆಲದಿಂದಲೂ ಗಾಳಿ ಬೀಸುತ್ತದೆ. ಆದರೆ ನಿಸರ್ಗದ ಈ ಔದಾರ್ಯವೇ ಮೈಮರೆವಿಗೆ ಕಾರಣವಾಗಬಾರದು. ಡಿಸೆಂಬರ್, ಜನವರಿಗಳ ಮುಂಜಾನೆ ಬೆಂಗಳೂರಿನ ಮೇಲೆಯೂ ವಿಲೋಮ ಪದರವು ಏರ್ಪಡುತ್ತದೆ; ಮಳೆಗಾಲದಲ್ಲಿ ಕಾಣದೆ ಹೋಗಿದ್ದ ಹೊಗೆಯು ಆಗ ಬೀದಿದೀಪಗಳ ಸುತ್ತ ಮಸುಕಾಗಿ ಗೋಚರಿಸುತ್ತದೆ. ಗಾಳಿ ಕೊಂಡೊಯ್ಯುತ್ತಿದ್ದುದರಿಂದ ಇಲ್ಲವೆಂದು ತೋರುತ್ತಿದ್ದ ಹೊಗೆ ಅಲ್ಲಿ ಇದ್ದೇ ಇತ್ತು.

ಹೊಗೆಯನ್ನು ತಗ್ಗಿಸಿದರೆ ಗಾಳಿ ತಿಳಿಯಾಗುವುದೇ ಎಂಬ ಸಂದೇಹಕ್ಕೆ 2020ರ ವರ್ಷವು ಉತ್ತರ ನೀಡಿತು. ಕೋವಿಡ್ ಸಾಂಕ್ರಾಮಿಕದ ಕಾರಣ ಮಾರ್ಚ್ 25ರಿಂದ ದೇಶಾದ್ಯಂತ ಲಾಕ್‌ಡೌನ್ ಜಾರಿಯಾಗಿ, ವಾಹನಗಳೂ ಬಹುಪಾಲು ಕಾರ್ಖಾನೆಗಳೂ ನಿಂತವು. ಕೆಲವೇ ದಿನಗಳಲ್ಲಿ ದೆಹಲಿಯ ಆಕಾಶ ನೀಲಿಯಾಯಿತು; ಪಂಜಾಬಿನ ಜಲಂಧರ್ ನಗರದ ಜನರಿಗೆ ದೂರದ ಧೌಲಾಧಾರ್ ಪರ್ವತಗಳ ಹಿಮಶಿಖರಗಳು ಮನೆಯ ಮಾಳಿಗೆಯಿಂದಲೇ ಕಂಡವು. ಅದೇ ವರ್ಷದ ನವೆಂಬರಿನಲ್ಲಿ ವಾಹನಗಳು ಮರಳಿದ್ದವು, ಕೂಳೆ ಉರಿಯುತ್ತಿತ್ತು, ಗಾಳಿ ಮಂದವಾಗಿತ್ತು; ದೆಹಲಿಯಲ್ಲಿ ಹೊಂಜು ಮತ್ತೆ ಕವಿಯಿತು. ಜನಜೀವನವನ್ನೇ ನಿಲ್ಲಿಸಿ ಪಡೆದ ಶುದ್ಧವಾದ ಗಾಳಿ ಬಾಳುವಂಥದಲ್ಲ. ದುಡಿಮೆ ನಡೆಯುತ್ತಿರುವಾಗಲೇ ಹೊಗೆಯನ್ನು ತಗ್ಗಿಸುವ ದಾರಿಗಳು ಬೇಕೆಂಬುದನ್ನು ಆ ವರ್ಷದ ಅನುಭವ ಕಲಿಸಿತು.

ಹವೆಯ ಜ್ಞಾನವು ಈ ಕಾರ್ಯದಲ್ಲಿ ನೆರವಾಗುತ್ತದೆ. 2010ರಲ್ಲಿ ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದಾಗ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯು 'ಸಫರ್' ಎಂಬ ವ್ಯವಸ್ಥೆಯನ್ನು ಆರಂಭಿಸಿ, ನಾಳೆಯ ಗಾಳಿ ಎಷ್ಟು ಮಲಿನವಾಗಲಿದೆಯೆಂಬುದನ್ನು ಮುಂಚಿತವಾಗಿ ತಿಳಿಸತೊಡಗಿತು. ಗಾಳಿ ಯಾವಾಗ ನಿಲ್ಲುವುದೆಂದು ತಿಳಿದರೆ ವೃದ್ಧರೂ ರೋಗಿಗಳೂ ಎಚ್ಚರ ವಹಿಸಬಹುದು. ಕಾಮಗಾರಿಗಳನ್ನೂ ವಾಹನಗಳನ್ನೂ ಆ ದಿನಗಳಲ್ಲಿ ತಡೆಯಬಹುದು. ಮಾಲಿನ್ಯ ಏರಿದಂತೆ ಹಂತಹಂತವಾಗಿ ಕೈಗೊಳ್ಳಬೇಕಾದ ಕ್ರಮಗಳನ್ನು 2017ರ ಜನವರಿಯಲ್ಲಿ ದೆಹಲಿ ಪ್ರದೇಶಕ್ಕೆ ನಿಗದಿಪಡಿಸಲಾಯಿತು. ಆದರೆ ಇವೆಲ್ಲ ಮಳೆ ಬರುವಾಗ ಕೊಡೆ ಹಿಡಿಯುವ ಉಪಾಯಗಳು. ಗಾಳಿ ಬೀಸುವ ದಿನಗಳಲ್ಲಿಯೂ ಹೊಗೆಯನ್ನು ತಗ್ಗಿಸುವ ಸ್ವಚ್ಛ ಇಂಧನ, ಉತ್ತಮ ಸಾರ್ವಜನಿಕ ಸಾರಿಗೆ, ಕೂಳೆಯನ್ನು ಸುಡದೆ ಗದ್ದೆಯನ್ನು ಸಿದ್ಧಪಡಿಸಲು ರೈತರಿಗೆ ನೆರವು ಮೊದಲಾದ ನಿತ್ಯದ ಕ್ರಮಗಳಿಲ್ಲದೆ ಅವು ಸಾಲವು.

ಸೇತುವೆಯನ್ನು ಕಟ್ಟುವವರು ಬೇಸಗೆಯಲ್ಲಿ ಹರಿಯುವ ನೀರನ್ನು ನೋಡಿ ಅದರ ಎತ್ತರವನ್ನು ನಿರ್ಧರಿಸುವುದಿಲ್ಲ. ಹಿಂದೆ ಬಂದ ಮಹಾಪೂರದ ಗುರುತನ್ನು ನೋಡಿ ನಿರ್ಧರಿಸುತ್ತಾರೆ. ನಗರವೂ ತನ್ನ ಹೊಗೆಯ ಲೆಕ್ಕವನ್ನು ಗಾಳಿ ಬೀಸುವ ದಿನಕ್ಕೆ ಹಾಕದೆ, ಗಾಳಿ ನಿಲ್ಲುವ ದಿನಕ್ಕೆ ಹಾಕಬೇಕು. ಗಾಳಿಯನ್ನು ಬೀಸೆಂದು ಆಜ್ಞಾಪಿಸುವ ಶಕ್ತಿ ಮನುಷ್ಯನಿಗಿಲ್ಲ. ಒಲೆಗೆ ಏನನ್ನು ಹಾಕಬೇಕು, ಎಷ್ಟನ್ನು ಉರಿಸಬೇಕು ಎಂಬ ನಿರ್ಧಾರ ಮಾತ್ರ ಅಂದಿನಿಂದ ಇಂದಿನವರೆಗೂ ಅವನ ಕೈಯಲ್ಲಿಯೇ ಇದೆ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಉಷ್ಣತಾ ವಿಲೋಮ ಎಂದರೇನು?
2. ಲಾಸ್ ಏಂಜಲೀಸಿನ ಹೊಂಜಿನ ಗುಟ್ಟನ್ನು ಬಿಡಿಸಿದ ವಿಜ್ಞಾನಿ ಯಾರು?
3. ಬ್ರಿಟನ್ನಿನಲ್ಲಿ ಶುದ್ಧ ವಾಯು ಕಾಯಿದೆ ಯಾವ ವರ್ಷ ಜಾರಿಗೆ ಬಂದಿತು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮಳೆಗೂ ಮಂಜಿಗೂ ಮಾಲಿನ್ಯದ ವಿಷಯದಲ್ಲಿರುವ ವ್ಯತ್ಯಾಸವೇನು?
2. ಲಂಡನ್ನಿನಲ್ಲಿ ಬೆಳಗಿನ ಬಿಸಿಲು ಹೊಂಜನ್ನು ಕರಗಿಸಲಾರದೆ ಹೋದುದೇಕೆ?
3. 1962ರ ಹೊಂಜಿನಿಂದ ತಿಳಿದುಬಂದ ಸತ್ಯವೇನು?

ಇ. ಸಂದರ್ಭದೊಡನೆ ವಿವರಿಸಿರಿ.
1. "ಮುಚ್ಚಳವನ್ನು ಇಟ್ಟುದು ಹವೆ, ಪಾತ್ರೆಗೆ ವಿಷವನ್ನು ತುಂಬಿದುದು ಮನುಷ್ಯ."
2. "ಒಂದು ಊರಿನ ಮಾಲಿನ್ಯ ಮತ್ತೊಂದು ಊರಿನ ಪಾಲಾಗುತ್ತದೆ."

ಈ. ಬಿಡಿಸಿ, ಸಂಧಿಯನ್ನು ಹೆಸರಿಸಿರಿ.
ಹೊತ್ತೇರಿ, ಮಳೆಗಾಲ, ಗಾಳಿಯಿಲ್ಲದ, ಗಂಧಕಾಮ್ಲ.

ಉ. ಮಾಡಿ ನೋಡಿರಿ.
ಒಂದು ವಾರದ ಕಾಲ ಬೆಳಿಗ್ಗೆ ಮತ್ತು ಮಧ್ಯಾಹ್ನ ಊರಿನ ಯಾವುದಾದರೂ ಒಂದು ಹೊಗೆಗೊಳವೆಯ ಹೊಗೆಯನ್ನು ಗಮನಿಸಿ, ಅದು ಏರುವ ಬಗೆಯನ್ನೂ ಅಂದಿನ ಹವೆಯನ್ನೂ ಬರೆದಿಟ್ಟುಕೊಳ್ಳಿರಿ.